‘ಈಗಲೇ’ ಎಂಬುದು ‘ಆಮೇಲೆ’ ಆದ ಬಗೆ

ಇಂಗ್ಲಿಷಿನ ‘ಸೂನ್’ ಎಂದರೆ ಬೇಗ, ಇನ್ನು ಸ್ವಲ್ಪ ಹೊತ್ತಿಗೆ ಎಂದು ನಮ್ಮ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಸಾವಿರ ವರ್ಷಗಳ ಹಿಂದೆ ‘ಸೋನಾ’ ಎಂಬ ರೂಪದಲ್ಲಿದ್ದ ಇದೇ ಪದಕ್ಕೆ ಒಡನೆಯೇ, ಈ ಕ್ಷಣವೇ ಎಂಬ ಅರ್ಥವಿತ್ತು. ‘ಒಂದರಲ್ಲಿ’ ಎಂಬರ್ಥದ ಎರಡು ಹಳೆಯ ಪದಗಳು ಬೆಸೆದು ಹುಟ್ಟಿದ ‘ಅನಾನ್’ ಕೂಡ ಮೊದಲು ತಕ್ಷಣದ ಮಾತಾಗಿತ್ತು, ಬರಬರುತ್ತಾ ‘ಇನ್ನೇನು ಸ್ವಲ್ಪದರಲ್ಲಿ’ ಎಂದಾಯಿತು. ‘ಪ್ರೆಸೆಂಟ್ಲಿ’, ‘ಬೈ ಆ್ಯಂಡ್ ಬೈ’ ಹಿಡಿದದ್ದೂ ಅದೇ ಇಳಿಜಾರು. ಒಂದು ಪದ ಜಾರಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ನಾಲ್ಕೂ ಒಂದೇ ದಿಕ್ಕಿಗೆ ಜಾರಿವೆ, ಹಾಗೆ ಜಾರಿದ್ದು ಮಾತು ಕೊಡುವವರ ಬಾಯಲ್ಲಿ ಎಂಬುದು ನನ್ನ ವಾದ.

ಇದನ್ನು ಅಳೆಯಲು ಒಳ್ಳೆಯ ಅಳತೆಗೋಲು ಬೈಬಲ್ಲಿನ ಇಂಗ್ಲಿಷ್ ಅನುವಾದಗಳು. ಮೂಲ ಬದಲಾಗುವುದಿಲ್ಲ, ಅನುವಾದ ಮಾತ್ರ ಕಾಲಕಾಲಕ್ಕೆ ಹೊಸದಾಗುತ್ತದೆ. ಅದರಲ್ಲೂ ಮಾರ್ಕನ ಸುವಾರ್ತೆ ಅವಸರದ ಕಥನ. ‘ಕೂಡಲೇ’ ಎಂಬರ್ಥದ ಒಂದೇ ಗ್ರೀಕ್ ಪದ ಅಲ್ಲಿ ಸುಮಾರು 40 ಸಲ ಬರುತ್ತದೆ. 10ನೆಯ ಶತಮಾನದ ಕೊನೆಯ ಹಳೆಯ ಇಂಗ್ಲಿಷ್ ಅನುವಾದ ಲ್ಯಾಟಿನ್ ಪಾಠವನ್ನು ಆಧರಿಸಿದ್ದು, ಅದು ಆ ಜಾಗಗಳಲ್ಲಿ ಮತ್ತೆ ಮತ್ತೆ ‘ಸೋನಾ’ ಎನ್ನುತ್ತದೆ. 1611ರ ಅನುವಾದದ ಹೊತ್ತಿಗೆ ‘ಸೂನ್’ ಆ ಕೆಲಸಕ್ಕೆ ಸಾಲದಾಗಿತ್ತು. ಹಾಗಾಗಿ ಮೊದಲ ಅಧ್ಯಾಯವೊಂದರಲ್ಲೇ ಆ ಒಂದು ಗ್ರೀಕ್ ಪದಕ್ಕೆ ‘ಸ್ಟ್ರೇಟ್‌ವೇ’, ‘ಇಮ್ಮೀಡಿಯಟ್ಲಿ’, ‘ಫೋರ್ತ್‌ವಿತ್’, ‘ಅನಾನ್’ ಎಂಬ ನಾಲ್ಕು ಪದಗಳನ್ನು ದುಡಿಸಿದ್ದಾರೆ. ಆರನೆಯ ಅಧ್ಯಾಯದಲ್ಲಿ ಹೆರೋದ್ಯಳ ಮಗಳು ಸ್ನಾನಿಕ ಯೋಹಾನನ ತಲೆಯನ್ನು ಹರಿವಾಣದಲ್ಲಿಟ್ಟು ಕೊಡಿಸೆಂದು ಅರಸನನ್ನು ಕೇಳುವಾಗ, 1611ರಲ್ಲಿ ಬಂದಿರುವ ಪದ ‘ಬೈ ಆ್ಯಂಡ್ ಬೈ’. ಗ್ರೀಕಿನಲ್ಲಿ ಅದು ‘ಈ ಗಳಿಗೆಯಲ್ಲೇ’. ಇಂದಿನ ಓದುಗನಿಗೆ ಅದು ‘ನಿಧಾನವಾಗಿ, ಯಾವಾಗಲಾದರೂ’ ಎಂಬಂತೆ ಕೇಳಿಸಿ, ಆ ಕೋರಿಕೆಯ ಕ್ರೌರ್ಯವೇ ಮಾಯವಾಗುತ್ತದೆ. 1881ರ ಪರಿಷ್ಕರಣದಲ್ಲಿ ಅದನ್ನು ತೆಗೆದು ‘ಫೋರ್ತ್‌ವಿತ್’ ಹಾಕಿದರು. ಮೊದಲ ಅಧ್ಯಾಯದ ‘ಅನಾನ್’ ಕೂಡ ಆಗಲೇ ಹೋಯಿತು.

ಜಾರುವಿಕೆಯ ಕಾರಣವನ್ನು ಹುಡುಕಲು ಪಡಸಾಲೆಗೆ ಹೋಗಬೇಕು, ಅದೂ ಹೆಂಡದಂಗಡಿಯ ಪಡಸಾಲೆಗೆ. 1598ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ಮೊದಲ ಭಾಗದಲ್ಲಿ ಫ್ರಾನ್ಸಿಸ್ ಎಂಬ ಹುಡುಗನಿದ್ದಾನೆ, ಹೆಂಡ ತಂದುಕೊಡುವ ಆಳು. ರಾಜಕುಮಾರ ಅವನನ್ನು ಮಾತಿಗೆ ಎಳೆದು ನಿಲ್ಲಿಸಿಕೊಳ್ಳುತ್ತಾನೆ, ಗೆಳೆಯ ಪಕ್ಕದ ಕೋಣೆಯಿಂದ ಕೂಗುತ್ತಲೇ ಇರುತ್ತಾನೆ. ಹುಡುಗ ಪ್ರತಿ ಕೂಗಿಗೂ ‘ಅನಾನ್’ ಎನ್ನುತ್ತಾನೆ, ನಿಂತಲ್ಲಿಂದ ಕದಲುವುದಿಲ್ಲ. ಕೊನೆಗೆ ಇಬ್ಬರೂ ಒಟ್ಟಿಗೆ ಕರೆದಾಗ ಯಾವ ಕಡೆ ಹೋಗಬೇಕೆಂದು ತಿಳಿಯದೆ ಬೆಪ್ಪಾಗುತ್ತಾನೆ. ಅವನದು ಸೋಮಾರಿತನವಲ್ಲ, ಎರಡು ಕಾಲಿಗೆ ನಾಲ್ಕು ಕಡೆಯ ಕರೆ. ಒಪ್ಪಿಕೊಂಡೆ ಎನ್ನುವುದಕ್ಕೆ ಪದ ತಕ್ಷಣ ಹೊರಡುತ್ತದೆ, ದೇಹ ಹೊರಡಲು ಹೊತ್ತು ಹಿಡಿಯುತ್ತದೆ. ಕೇಳುವವರು ಆ ಹೊತ್ತನ್ನೇ ಪದದ ಅರ್ಥವೆಂದು ಕಲಿಯುತ್ತಾರೆ. ಕೂತಲ್ಲೇ ‘ಬಂದೆ, ಬಂದೆ’ ಎಂದು ಭೂತಕಾಲದಲ್ಲಿ ಕೂಗುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. 1611ರವರು ಅದಕ್ಕೂ ಹಳೆಯ ಅನುವಾದಗಳ ಪದಗಳನ್ನು ಭಕ್ತಿಯಿಂದ ಉಳಿಸಿಕೊಂಡವರು, ಆದ್ದರಿಂದ ಅವರ ಬಳಕೆ ಆ ಕಾಲದ ಆಡುಮಾತಿಗೆ ಸಾಕ್ಷಿಯಲ್ಲ ಎಂಬುದು ಮೊದಲನೆಯದು. ನಿಜ, ಆದರೆ ಅದರಿಂದ ವಾದಕ್ಕೆ ಬಲವೇ ಬರುತ್ತದೆ. ಗ್ರಂಥದಲ್ಲಿ ಬಿಗಿಯಾಗಿದ್ದ ‘ಅನಾನ್’ ಅದೇ ಕಾಲದ ಅಂಗಡಿಯಲ್ಲಿ ಸಡಿಲವಾಗಿತ್ತು ಎಂದಾಯಿತು. ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು: ವಿಳಂಬ ಮನುಷ್ಯಸಹಜವಾದರೆ ‘ಫೋರ್ತ್‌ವಿತ್’, ‘ಇಮ್ಮೀಡಿಯಟ್ಲಿ’ ಏಕೆ ಜಾರಲಿಲ್ಲ? ‘ಫೋರ್ತ್‌ವಿತ್’ ಬದುಕಿರುವುದು ನ್ಯಾಯಾಲಯದ ಆದೇಶಗಳಲ್ಲಿ, ಅಂದರೆ ಅಪ್ಪಣೆ ಮಾಡುವವರ ಕೈಯಲ್ಲಿ. ತಡವಾದರೆ ದಂಡವಿರುವ ಕಡೆ ಪದ ಸಡಿಲವಾಗಲು ಯಾರೂ ಬಿಡುವುದಿಲ್ಲ. ನಮ್ಮ ಸರ್ಕಾರಿ ಆದೇಶಗಳ ‘ತಕ್ಷಣದಿಂದ ಜಾರಿಗೆ ಬರುವಂತೆ’ ಇನ್ನೂ ಗಟ್ಟಿಯಾಗಿರುವುದೂ ಇದಕ್ಕೇ. ‘ಇಮ್ಮೀಡಿಯಟ್ಲಿ’ಯ ವಿಷಯದಲ್ಲಿ ನನ್ನ ವಾದ ಅಷ್ಟು ಚೊಕ್ಕವಾಗಿ ಹೊಂದುವುದಿಲ್ಲ. ಅದು ಲ್ಯಾಟಿನ್ನಿನಿಂದ ಬಂದ ಉದ್ದನೆಯ ಬರಹದ ಪದ, ಓಗೊಡುವ ಬಾಯಿಗೆ ಸುಲಭವಾಗಿ ಸಿಗದ್ದು ಎಂದಷ್ಟೇ ಹೇಳಬಲ್ಲೆ. ಓಗೊಡುವ ಬಾಯಿಗೆ ಸಿಕ್ಕಿದ್ದು ಇಂದಿಗೂ ಜಾರುತ್ತಿದೆ: ದಕ್ಷಿಣ ಆಫ್ರಿಕಾದ ಇಂಗ್ಲಿಷಿನಲ್ಲಿ ‘ಜಸ್ಟ್ ನೌ’ ಎಂದರೆ ಈಗಲ್ಲ, ಸ್ವಲ್ಪ ಹೊತ್ತಾದ ಮೇಲೆ.

ಜಾರಿದ ಪದಗಳ ಹಳೆಯ ಅರ್ಥ ಪೂರ್ತಿ ಅಳಿಸಿಯೂ ಹೋಗಿಲ್ಲ. ‘ಪ್ರೆಸೆಂಟ್ಲಿ’ಗೆ ಸದ್ಯ, ಈಗ ಎಂಬರ್ಥ ಸ್ಕಾಟ್ಲೆಂಡಿನಲ್ಲೂ ಅಮೆರಿಕದಲ್ಲೂ ಉಳಿದಿದೆ, ನಮ್ಮವರ ಉದ್ಯೋಗದ ಅರ್ಜಿಗಳಲ್ಲೂ ಇದೆ, ಅದನ್ನು ಭಾರತೀಯರ ತಪ್ಪೆಂದು ಕೆಂಪು ಶಾಯಿಯಲ್ಲಿ ಗೀಟು ಹಾಕುವುದು ಅನ್ಯಾಯ. ‘ಸೂನ್’ ಕೂಡ ಒಂದು ಮೂಲೆಯಲ್ಲಿ ತನ್ನ ಬಿಗಿಯನ್ನು ಕಾಪಾಡಿಕೊಂಡಿದೆ. ‘ಆ್ಯಸ್ ಸೂನ್ ಆ್ಯಸ್’ ಎಂಬಲ್ಲಿ ಯಾರೂ ಮಾತು ಕೊಡುತ್ತಿಲ್ಲ, ಒಂದು ಘಟನೆಗೆ ಇನ್ನೊಂದನ್ನು ಅಂಟಿಸುತ್ತಿದ್ದಾರೆ ಅಷ್ಟೆ. ಅದನ್ನು ನಮ್ಮ ಮಕ್ಕಳು ‘ಬಂದ ಕೂಡಲೇ’, ‘ಕಂಡ ಒಡನೆ’ ಎಂದು ಕನ್ನಡಕ್ಕೆ ತರುವಾಗ, ಸಾವಿರ ವರ್ಷಗಳ ಹಿಂದೆ ‘ಸೋನಾ’ ಎಂದು ಬರೆದವನ ಮನಸ್ಸಿನಲ್ಲಿದ್ದ ಅರ್ಥವನ್ನೇ ಬರೆಯುತ್ತಿರುತ್ತಾರೆ.