ಒಂದೇ ಕೈಯ ಚಿತ್ರಕಥೆ

ಅಮೆರಿಕದ ಅಂಡರ್‌ಗ್ರೌಂಡ್ ಕಾಮಿಕ್ಸ್ ಹುಟ್ಟಿದ್ದು ಅಂಚೆಚೀಟಿಯಂಥ ಒಂದು ಪುಟ್ಟ ಮುದ್ರೆಗೆ ಎದುರಾಗಿ. ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 1954ರಲ್ಲಿ ಪುಸ್ತಕ ಬರೆದರು. ಅದೇ ವರ್ಷ ಸೆನೆಟ್‌ನ ಉಪಸಮಿತಿಯೊಂದು ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಸಿತು. ಸರ್ಕಾರ ಕಾನೂನು ತಂದೀತೆಂದು ಹೆದರಿದ ಪ್ರಕಾಶಕರು ತಾವೇ ಮುಂದಾಗಿ ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿ ಕಟ್ಟಿಕೊಂಡರು. ಅದರ ಮುದ್ರೆ ಮುಖಪುಟದ ಮೇಲಿಲ್ಲದಿದ್ದರೆ ವಿತರಕರು ಪುಸ್ತಕವನ್ನು ಸಾಮಾನ್ಯವಾಗಿ ಮುಟ್ಟುತ್ತಿರಲಿಲ್ಲ. ಭಯಾನಕ ಕಥೆಗಳಿಗೆ ಹೆಸರಾಗಿದ್ದ ಇಸಿ ಕಾಮಿಕ್ಸ್ ಸಂಸ್ಥೆಯಲ್ಲಿ ಕೊನೆಗೆ ಉಳಿದದ್ದು ಹಾರ್ವಿ ಕರ್ಟ್ಸ್‌ಮನ್ ಆರಂಭಿಸಿದ ‘ಮ್ಯಾಡ್’ ಒಂದೇ. 1955ರಲ್ಲಿ ಮ್ಯಾಗಜಿನ್ ರೂಪ ತಾಳಿದ್ದರಿಂದ ಅದಕ್ಕೆ ಕೋಡ್ ಅನ್ವಯಿಸಲಿಲ್ಲ. ಮುಂದೆ ಅಂಡರ್‌ಗ್ರೌಂಡ್ ಕಲಾವಿದರಾದ ರಾಬರ್ಟ್ ಕ್ರಂಬ್, ಗಿಲ್ಬರ್ಟ್ ಶೆಲ್ಟನ್, ಆರ್ಟ್ ಸ್ಪೀಗಲ್‌ಮನ್ ಅವರೆಲ್ಲ ‘ಮ್ಯಾಡ್’ ಓದಿ ಬೆಳೆದವರು.

ಆ ಹೊತ್ತಿಗೆ ಕಾಮಿಕ್ಸ್ ಕಾರ್ಖಾನೆಯ ಕೆಲಸವಾಗಿತ್ತು. ಕಥೆ ಬರೆಯುವವನು ಒಬ್ಬ, ಪೆನ್ಸಿಲ್ ಗೆರೆ ಎಳೆಯುವವನು ಇನ್ನೊಬ್ಬ. ಅದರ ಮೇಲೆ ಶಾಯಿ ಹಾಕಲು, ಬಲೂನಿನೊಳಗೆ ಅಕ್ಷರ ಬರೆಯಲು, ಬಣ್ಣ ಸೂಚಿಸಲು ಬೇರೆ ಬೇರೆ ಜನ. ಕಟ್ಟಕಡೆಗೆ ಬಣ್ಣ ಬೇರ್ಪಡಿಸುವವರ ಸರದಿ. ನಾಲ್ಕು ಬಣ್ಣದ ಮುದ್ರಣಕ್ಕೆ ನೀಲಿ, ಕೆಂಪು, ಹಳದಿ, ಕಪ್ಪು ಎಂದು ಒಂದೊಂದಕ್ಕೂ ಪ್ರತ್ಯೇಕ ಪ್ಲೇಟ್ ಬೇಕು. ಯಾವ ಜಾಗಕ್ಕೆ ಯಾವ ಬಣ್ಣ ಎಷ್ಟು ಗಾಢವಾಗಿ ಬರಬೇಕು ಎಂಬುದನ್ನು ಪಾರದರ್ಶಕ ಹಾಳೆಗಳ ಮೇಲೆ ಕೈಯಿಂದಲೇ ತುಂಬಬೇಕಿತ್ತು. ಕಣ್ಣು ಸೋಲಿಸುವ ಈ ಕೆಲಸ ಮಾಡಿದವರ ಹೆಸರು ಪುಸ್ತಕದಲ್ಲಿ ಅಚ್ಚಾದದ್ದು ಅಪರೂಪ. ಕೂಲಿ ಪುಟದ ಲೆಕ್ಕದಲ್ಲಿ ಸಿಗುತ್ತಿತ್ತು. ಚಿತ್ರದ ಹಕ್ಕು ಕಂಪನಿಯದು.

1968ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊರಬಂದ ‘ಜ್ಯಾಪ್ ಕಾಮಿಕ್ಸ್’ ಈ ವ್ಯವಸ್ಥೆಯನ್ನು ತಲೆಕೆಳಗು ಮಾಡಿತು. ಕಥೆ, ಗೆರೆ, ಶಾಯಿ, ಅಕ್ಷರ ಎಲ್ಲವೂ ಕ್ರಂಬ್ ಅವರದೇ. ಪ್ರಕಾಶಕ ಡಾನ್ ಡೊನಾಹ್ಯೂ, ಮುದ್ರಕ ಕವಿ ಚಾರ್ಲ್ಸ್ ಪ್ಲೈಮೆಲ್, ಬೆಲೆ 25 ಸೆಂಟ್. ಹಿಪ್ಪಿಗಳು ತುಂಬಿದ್ದ ಹೇಟ್ ಬೀದಿಯಲ್ಲಿ ಮಗುವಿನ ತಳ್ಳುಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಮಾರಿದರು. ಒಳಪುಟಗಳೆಲ್ಲ ಕಪ್ಪು ಬಿಳುಪು. ಅದಕ್ಕೆ ಕಾರಣ ಹಣದ ಅಭಾವ, ನಿಜ. ಆದರೆ ಆ ಅಭಾವವೇ ಬರೆದವನ ಗೆರೆಯನ್ನು ಓದುಗನ ಕಣ್ಣಿಗೆ ನೇರವಾಗಿ ತಲುಪಿಸಿತು. ನಡುವೆ ಯಾವ ಕಾರ್ಖಾನೆಯೂ ಇರಲಿಲ್ಲ. ಇದಕ್ಕಿಂತ ಮೊದಲೂ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಇಂಥ ಪುಸ್ತಕಗಳು ಬಂದಿದ್ದವು; ಆದರೆ ದಾರಿ ತೆರೆದದ್ದು ‘ಜ್ಯಾಪ್’. ಬೆನ್ನಿಗೇ ರಿಪ್ ಆಫ್ ಪ್ರೆಸ್, ಲಾಸ್ಟ್ ಗ್ಯಾಸ್ಪ್, ವಿಸ್ಕಾನ್ಸಿನ್‌ನ ಕಿಚನ್ ಸಿಂಕ್ ಮುಂತಾದ ಪುಟ್ಟ ಪ್ರಕಾಶನಗಳು ತಲೆಯೆತ್ತಿದವು. ಹಕ್ಕು ಕಲಾವಿದರಲ್ಲೇ ಉಳಿಯಿತು, ಗೌರವಧನ ಮಾರಾಟದ ಮೇಲೆ ಬಂತು. ಗಾಂಜಾ ಸೇದುವ ಸಾಮಗ್ರಿ, ಪೋಸ್ಟರ್ ಮಾರುವ ‘ಹೆಡ್ ಶಾಪ್’ಗಳೇ ಇವಕ್ಕೆ ಪುಸ್ತಕದಂಗಡಿಗಳಾದವು.

ಕೋಡ್ ನಿಷೇಧಿಸಿದ್ದೆಲ್ಲ, ಅಂದರೆ ಕಾಮ, ಮಾದಕವಸ್ತು, ಧರ್ಮನಿಂದೆ, ಈ ಪುಟಗಳಿಗೆ ನುಗ್ಗಿತು. ಅದರೊಡನೆ ಹೆಂಗಸರ ಮೇಲಿನ ಹಿಂಸೆಯೂ ಜನಾಂಗೀಯ ವಿಕಾರಗಳೂ ಬಂದವು. ಅವನ್ನು ಸ್ವಾತಂತ್ರ್ಯದ ಹೆಸರಿನಲ್ಲಿ ಮನ್ನಿಸುವಂತಿಲ್ಲ. ಮನ್ನಿಸದವರಲ್ಲಿ ಮೊದಲಿಗರು ಕಲಾವಿದೆ ಟ್ರೀನಾ ರಾಬಿನ್ಸ್. ಗಂಡಸರ ಈ ಕೂಟ ತಮ್ಮನ್ನು ಹೊರಗಿಟ್ಟಾಗ ಅವರು 1970ರಲ್ಲಿ ಹೆಂಗಸರೇ ರಚಿಸಿದ ಮೊದಲ ಕಾಮಿಕ್ಸ್ ಪುಸ್ತಕವನ್ನು ತಂದರು. 1972ರಲ್ಲಿ ‘ವಿಮೆನ್ಸ್ ಕಾಮಿಕ್ಸ್’ ಸಂಕಲನ ಶುರುವಾಯಿತು. ಅದೇ 1972ರಲ್ಲಿ ಜಸ್ಟಿನ್ ಗ್ರೀನ್ ತಮ್ಮ ಕ್ಯಾಥೊಲಿಕ್ ಬಾಲ್ಯದ ಪಾಪಭೀತಿಯನ್ನು, ಬಿಡದೆ ಕಾಡುವ ಗೀಳನ್ನು, ಒಂದು ಇಡೀ ಪುಸ್ತಕವಾಗಿ ಬರೆದರು. ಸ್ವಂತ ಬದುಕಿನ ನಾಚಿಕೆಯನ್ನೂ ಕಾಮಿಕ್ಸ್ ಹೇಳಬಲ್ಲದು ಎಂದು ಅದು ತೋರಿಸಿಕೊಟ್ಟಿತು. ಸ್ಪೀಗಲ್‌ಮನ್ ಆ ವರ್ಷವೇ ಮೂರು ಪುಟಗಳ ‘ಮೌಸ್’ ಬರೆದರು. ಅದು ಬೆಳೆದು ಪುಸ್ತಕವಾಗಿ 1992ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು.

ಇಳಿತ ಬೇಗನೆ ಬಂತು. ಯಾವುದು ಅಶ್ಲೀಲ ಎಂಬುದನ್ನು ಆಯಾ ಊರಿನ ಜನರ ಅಳತೆಗೋಲಿನಿಂದ ತೀರ್ಮಾನಿಸಬಹುದೆಂದು 1973ರ ‘ಮಿಲ್ಲರ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಂಗಡಿಗಳು ಹೆದರಿದವು. ಕಾಗದದ ಬೆಲೆಯೂ ಏರಿತು. ಸಿನಿಮಾ ಈ ಲೋಕಕ್ಕೆ ಕೈಹಾಕಿದ್ದೂ ಆಗಲೇ. ಕ್ರಂಬ್ ಅವರ ‘ಫ್ರಿಟ್ಜ್ ದ ಕ್ಯಾಟ್’ ಅನ್ನು ರಾಲ್ಫ್ ಬಕ್ಷಿ 1972ರಲ್ಲಿ ಅನಿಮೇಷನ್ ಚಿತ್ರವಾಗಿ ತಂದರು. ಅದನ್ನು ಸಹಿಸದ ಕ್ರಂಬ್ ತಮ್ಮ ಬೆಕ್ಕನ್ನು ಕಥೆಯಲ್ಲಿ ಕೊಂದೇಬಿಟ್ಟರು.

ಈ ಲೋಕದ ಮನಸ್ಸು ತೆರೆಗೆ ಬರಲು ಮುಂದೆ ಸ್ವತಂತ್ರ ಚಿತ್ರಗಳೇ ಬೇಕಾದವು. ಟೆರಿ ಜ್ವಿಗಾಫ್ ಅವರ ಸಾಕ್ಷ್ಯಚಿತ್ರ ‘ಕ್ರಂಬ್’, ಡ್ಯಾನಿಯಲ್ ಕ್ಲೋಸ್ ಅವರ ಕಾಮಿಕ್ಸ್ ಆಧರಿಸಿದ ‘ಘೋಸ್ಟ್ ವರ್ಲ್ಡ್’ (2001) ಮೊದಲು ಬಂದವು. 2003ರಲ್ಲಿ ಬಂದ ‘ಅಮೆರಿಕನ್ ಸ್ಪ್ಲೆಂಡರ್’ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯೊಂದರ ಫೈಲ್ ಗುಮಾಸ್ತ ಹಾರ್ವಿ ಪೀಕರ್ ಅವರ ಕಥೆ. ಪೀಕರ್‌ಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಕಡ್ಡಿಯಂಥ ಮನುಷ್ಯರನ್ನು ಗೀಚಿ, ಮಾತು ತುಂಬಿ, ಕ್ರಂಬ್ ಮೊದಲಾದವರ ಕೈಗಿಟ್ಟು 1976ರಿಂದ ಸ್ವಂತ ಹಣ ಖರ್ಚು ಮಾಡಿ ಪುಸ್ತಕ ತಂದರು. ಗೆರೆ ಪರರದಾದರೂ ಬದುಕು ಅವರದೇ ಆಗಿದ್ದರಿಂದ ಆ ಪುಸ್ತಕಗಳೂ ಒಬ್ಬನದೇ ದನಿಯಾಗಿ ಕೇಳುತ್ತವೆ. ಚಿತ್ರದಲ್ಲಿ ಅವರ ಪಾತ್ರವನ್ನು ಪಾಲ್ ಜಿಯಾಮಾಟಿ ಮಾಡಿದರು. ನಿಜವಾದ ಪೀಕರ್ ಕೂಡ ನಡುನಡುವೆ ಬಂದು ಮಾತಾಡುತ್ತಾರೆ.

ಇದೇ ಸಾಲಿಗೆ ಸೇರುವ, ಓವನ್ ಕ್ಲೈನ್ ನಿರ್ದೇಶಿಸಿದ ಮೊದಲ ಕಥಾಚಿತ್ರ ‘ಫನ್ನಿ ಪೇಜಸ್’ 2022ರಲ್ಲಿ ಕಾನ್ ಚಿತ್ರೋತ್ಸವದ ‘ಡೈರೆಕ್ಟರ್ಸ್ ಫೋರ್ಟ್‌ನೈಟ್’ ವಿಭಾಗದಲ್ಲಿ ತೆರೆಕಂಡಿತು. ಇದನ್ನು ಫಿಲ್ಮಿನ ಮೇಲೆಯೇ ಚಿತ್ರೀಕರಿಸಿದ್ದರಿಂದ ಬೆವರು, ಮೊಡವೆ, ಹಳೆಯ ಕಾಗದದ ಕೊಳೆ ಎಲ್ಲವೂ ಅಗ್ಗದ ಅಚ್ಚಿನ ಪುಟದಂತೆಯೇ ಒರಟಾಗಿ ಕಾಣುತ್ತವೆ. ಇದರ ನಾಯಕ ರಾಬರ್ಟ್, ಹದಿನೇಳರ ಹುಡುಗ, ಪ್ರಿನ್ಸ್‌ಟನ್‌ನ ಅನುಕೂಲಸ್ಥರ ಮಗ. ಅವನನ್ನು ಹುರಿದುಂಬಿಸುತ್ತಿದ್ದ ಚಿತ್ರಕಲೆಯ ಮೇಷ್ಟ್ರು ಅಪಘಾತದಲ್ಲಿ ಸಾಯುತ್ತಾರೆ. ಹುಡುಗ ಶಾಲೆ ಬಿಟ್ಟು, ಟ್ರೆಂಟನ್‌ನ ಬೇಗೆಯ ನೆಲಮಾಳಿಗೆಯಲ್ಲಿ ಅಪರಿಚಿತರೊಡನೆ ಬಾಡಿಗೆಗೆ ಇರುತ್ತಾನೆ. ಕಾಮಿಕ್ಸ್ ಬರೆಯುವವನು ಹೀಗೇ ಬದುಕಬೇಕೆಂದು ಅವನ ನಂಬಿಕೆ. ಆರೋಪಿಗಳ ಪರ ವಾದಿಸಲು ಸರ್ಕಾರ ನೇಮಿಸಿದ ವಕೀಲೆಯೊಬ್ಬರ ಕಚೇರಿಯಲ್ಲಿ ಕೆಲಸ ಮಾಡುವಾಗ ಔಷಧಿ ಅಂಗಡಿಯ ಗಲಾಟೆಯಲ್ಲಿ ಸಿಕ್ಕಿಬಿದ್ದ ವಾಲೆಸ್ ಎಂಬವನ ಪರಿಚಯವಾಗುತ್ತದೆ. ಆತ ಹಿಂದೆ ಇಮೇಜ್ ಕಾಮಿಕ್ಸ್‌ನಲ್ಲಿ ಬಣ್ಣ ಬೇರ್ಪಡಿಸುವವರ ಸಹಾಯಕನಾಗಿದ್ದವನು.

ಚಿತ್ರದ ಹಾಸ್ಯವೂ ನೋವೂ ಇರುವುದು ಇಲ್ಲೇ. ಇಮೇಜ್ ಸಂಸ್ಥೆ 1992ರಲ್ಲಿ ಹುಟ್ಟಿದ್ದು, ಮಾರ್ವೆಲ್‌ನಿಂದ ಹೊರಬಂದ ಜನಪ್ರಿಯ ಕಲಾವಿದರು ತಮ್ಮ ಸೃಷ್ಟಿಯ ಹಕ್ಕು ತಮಗೇ ಇರಲೆಂದು ಹೂಡಿದ ಬಂಡಾಯದಿಂದ. ಅಂಡರ್‌ಗ್ರೌಂಡ್ ಕಲಾವಿದರು ಇಪ್ಪತ್ತು ವರ್ಷ ಹಿಂದೆಯೇ ಪಡೆದಿದ್ದ ಹಕ್ಕು ಅದು. ಆದರೆ ಚಿತ್ರದ ವಾಲೆಸ್‌ಗೆ ಆ ಬಂಡಾಯದಿಂದ ಏನೂ ದಕ್ಕಲಿಲ್ಲ. ಅವನು ಬಣ್ಣ ಬೇರ್ಪಡಿಸುವ ಹೆಸರಿಲ್ಲದ ಕೈಗಳಲ್ಲಿ ಒಂದಾಗಿಯೇ ಉಳಿದ. ಆ ದಿನಗಳನ್ನು ಮರೆಯುವುದೇ ಅವನಿಗೆ ಬೇಕು. ಕಾಮಿಕ್ಸ್ ಪುಟವನ್ನು ಮುಟ್ಟಿದವರೆಲ್ಲ ಹುಡುಗನ ಕಣ್ಣಿಗೆ ಗುರುಗಳೇ. ಪೀಡಿಸಿ, ದುಡ್ಡು ಕೊಟ್ಟು, ಕ್ರಿಸ್‌ಮಸ್ ದಿನ ಪಾಠ ಹೇಳಿಸಿಕೊಳ್ಳಲು ವಾಲೆಸ್‌ನನ್ನು ಅಪ್ಪ ಅಮ್ಮನ ಮನೆಗೇ ಕರೆತರುತ್ತಾನೆ. ಪಾಠ ಹೊಡೆದಾಟವಾಗಿ ಮುಗಿಯುತ್ತದೆ.