ಕಲ್ಲಿನ ಲೆಕ್ಕ, ಬಳಪದ ಲೆಕ್ಕ

ಶಿಕಾರಿಪುರ ಸೀಮೆಯ ಬಳ್ಳಿಗಾವಿಯ ಶಾಸನಗಳನ್ನು ಕಾವ್ಯವೆಂದು ಓದುವವರಿದ್ದಾರೆ. ನನ್ನ ಕಣ್ಣಿಗೆ ಅವು ಲೆಕ್ಕದ ಹಾಳೆಗಳು. ಬನವಾಸಿ ಪನ್ನಿರ್ಛಾಸಿರವೆಂಬ ನಾಡಿನ ರಾಜಧಾನಿಯಾಗಿ ಮೆರೆದ ಊರದು. ಅರಸನ ಬಿರುದುಗಳ ಮೆರವಣಿಗೆ ಮುಗಿದದ್ದೇ ತಡ, ಕಲ್ಲಿನ ಮಾತು ಬಿಗಿಯಾಗುತ್ತದೆ: ಎಷ್ಟು ಮತ್ತರು ಗದ್ದೆ, ಎಷ್ಟು ಕಮ್ಮ ತೋಟ, ಮೂಡಲ ಎಲ್ಲೆ ಯಾವುದು, ಯಾವ ಸುಂಕದಲ್ಲಿ ಎಷ್ಟು ಪಣ ಯಾವ ದೇವರ ದೀಪಕ್ಕೆ. ಬಂದವರಿಗೆಲ್ಲ ಅನ್ನ, ರೋಗಿಗಳಿಗೆ ಮದ್ದು ಕೊಡುತ್ತಿದ್ದ ಕೋಡಿಯ ಮಠದ ಖರ್ಚಿಗೂ ಹೀಗೇ 1162ರಲ್ಲಿ ಕಲ್ಲು ನೆಟ್ಟರು. ಇಂಥ ದತ್ತಿಗಳನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪವೆಂದು ಶಾಪ ಬರೆಸುವುದು ವಾಡಿಕೆ. ರಾಜ್ಯ ಮಗುಚಿದ ಮೇಲೂ ಲೆಕ್ಕ ಕಾಯಬೇಕಾದದ್ದು ಆ ಶಾಪವೇ.

ದಿನದಿನದ ವ್ಯವಹಾರ ಮಾತ್ರ ಕಲ್ಲಿಗೆ ಒಗ್ಗದು. ಅದಕ್ಕೆ ಕಡತ ಬೇಕು. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಬರೆಯುವುದು ಬಿಳಿ ಬಳಪದಲ್ಲಿ. ಶಾಸನಕಾಲದ ಊರಲೆಕ್ಕಿಗ ಸೇನಬೋವನ ವಾರಸುದಾರನಾದ ಶಾನುಭೋಗ ಅದನ್ನು ತೊಡೆಯ ಮೇಲೆ ಬಿಡಿಸಿಕೊಂಡು ಬಂದದ್ದು, ಕೊಟ್ಟದ್ದು, ಉಳಿದದ್ದು ಬರೆದ. ತಪ್ಪಿದರೆ ಒರಸಿ ತಿದ್ದಿದ. ಒರಸಲು ಬರುವುದೇ ಅದರ ಅನುಕೂಲ, ಅದೇ ಅದರ ಅಪಾಯವೂ. ಇಂದು ಕಚೇರಿಗಳಲ್ಲಿ ‘ಕಡತ ವಿಲೇವಾರಿ’ ಎನ್ನುವವರ ಕೈಗೆ ಆ ಮಸಿ ಹತ್ತಿಲ್ಲ, ಹೆಸರಷ್ಟೇ ಉಳಿದಿದೆ.

ಹಾಗಾದರೆ ಶಾನುಭೋಗ ಬರೆದ ಅಂಕಿಯನ್ನು ಯಾವುದಕ್ಕೆ ಹೋಲಿಸಿ ನೋಡುವುದು? 1645ರಿಂದ 1660ರವರೆಗೆ ಕೆಳದಿಯ ಗದ್ದುಗೆಯಲ್ಲಿದ್ದ ಶಿವಪ್ಪನಾಯಕ ಇದಕ್ಕೆ ಹೊಲದಲ್ಲೇ ಉತ್ತರ ಹುಡುಕಿದನೆಂದು ಪ್ರತೀತಿ. ಊರೂರಲ್ಲಿ ಒಂದೊಂದು ಬಗೆಯ ಭೂಮಿಗೆ ಒಂದೊಂದು ಹೊಲ ಆರಿಸಿ, ಅರಮನೆಯ ಖರ್ಚಿನಲ್ಲೇ ಬಿತ್ತಿಸಿ, ಬೀಜವೆಷ್ಟು, ಬೇಸಾಯಕ್ಕೆ ತಗುಲಿದ್ದೆಷ್ಟು, ಬೆಳೆಯೆಷ್ಟು, ಅದರ ಬೆಲೆಯೆಷ್ಟು ಎಂದು 12 ವರ್ಷ ಬರೆಸಿದನಂತೆ. ಅಷ್ಟೂ ವರ್ಷದ ಸರಾಸರಿ ತೆಗೆದು, ಉತ್ತಮದಿಂದ ಅಧಮಾಧಮದವರೆಗೆ ನೆಲವನ್ನು ಐದು ತರ ಮಾಡಿ, ಮೂರರಲ್ಲೊಂದು ಪಾಲು ಅರಮನೆಗೆಂದು ಗೊತ್ತುಮಾಡಿದ. ಇದೇ ಶಿಸ್ತು. ಶಾಲೆಯ ಮೇಷ್ಟರು ಹೇಳುವ ಶಿಸ್ತಲ್ಲ, ಕಂದಾಯದ ಶಿಸ್ತು.

ಅಡಕೆ ತೋಟಕ್ಕೆ ಬೇರೆಯೇ ಕ್ರಮ. ಇಕ್ಕೇರಿಯ ಅಘೋರೇಶ್ವರನ ಗುಡಿಯ ಕಲ್ಲುಮೆಟ್ಟಿಲಿನ ಉದ್ದವೇ ಅಳತೆಗೋಲು, ಈಚಿನ ಲೆಕ್ಕದಲ್ಲಿ ಹದಿನೆಂಟೂವರೆ ಅಡಿ. ಒಂದು ಮರಕ್ಕೆ ಸಲ್ಲುವ ಜಾಗಕ್ಕೆ ದಾಯವೆಂದು ಹೆಸರು. ಅಳೆಯುವವನು ಕೋಲನ್ನು ಗೇಣುದ್ದ ಕತ್ತರಿಸಿಕೊಂಡು ಬಂದರೂ ಗುಡಿಯ ಮೆಟ್ಟಿಲನ್ನು ಕತ್ತರಿಸುವಂತಿರಲಿಲ್ಲ. ಕಡತದ ಬಳಪದಕ್ಷರಕ್ಕೆ ಹೀಗೆ ಮತ್ತೆ ಕಲ್ಲಿನ ಒತ್ತಾಸೆ ಸಿಕ್ಕಿತು.

ಮುಂದಿನವರು ಶಿಸ್ತಿನ ಮೇಲೆ ಪಟ್ಟಿಗಳೆಂಬ ಹೆಚ್ಚುವರಿ ತೆರಿಗೆಗಳನ್ನು ಹೇರುತ್ತ ಹೋದರು. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಹೈದರಾಲಿಯ ಕೈಸೇರಿ ‘ನಗರ’ವೆಂಬ ಹೆಸರು ಪಡೆಯಿತು, 1799ರಲ್ಲಿ ಟಿಪ್ಪುವೂ ಮಡಿದ. 1801ರಲ್ಲಿ ಬನವಾಸಿಯ ಕಡೆಯಿಂದ ಚಂದ್ರಗುತ್ತಿಯ ದಾರಿ ಹಿಡಿದು ಸೊರಬ ಸೀಮೆಗೆ ಬಂದ ಕಂಪನಿ ಸರಕಾರದ ಸಮೀಕ್ಷಕ ಬುಕನನ್, ಇಲ್ಲಿನ ಕಂದಾಯದ ಮೂಲ ವಿಚಾರಿಸಿ ಬರೆದುಕೊಂಡದ್ದು ಸತ್ತು 141 ವರ್ಷವಾಗಿದ್ದ ಶಿವಪ್ಪನಾಯಕನ ಹೆಸರನ್ನು.