ಶಹರ್ ಗಂಜಾಂ: ನಗರವೆಂಬ ಹೆಸರು ಹೊತ್ತ ಒಂದು ಶಾಂತ ಗ್ರಾಮ

ಕನ್ನಡ ನಾಡಿನ ಕಥೋಲಿಕ ಧರ್ಮಸಭೆಯ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ದೊಡ್ಡ ನಗರಗಳ ಎತ್ತರದ ದೇವಾಲಯಗಳಿಂದಲೇ ಆರಂಭಿಸುತ್ತಾರೆ. ಆದರೆ ನಮ್ಮ ಪೂರ್ವಿಕರ ವಿಶ್ವಾಸವು ಬೇರೂರಿದ್ದು ಬಹುಮಟ್ಟಿಗೆ ಸಣ್ಣ ಊರುಗಳಲ್ಲಿ. ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದ ಈ ಶುಭಸಂದರ್ಭದಲ್ಲಿ ಅಂತಹ ಒಂದು ಊರಿನ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ. ಅದು ಶ್ರೀರಂಗಪಟ್ಟಣದ ಕೋಟೆಯ ಹೊರಗಿನ ಗಂಜಾಂ. ಹಳೆಯ ದಾಖಲೆಗಳಲ್ಲಿ ಅದರ ಪೂರ್ಣ ಹೆಸರು 'ಶಹರ್ ಗಂಜಾಂ'. ಶಹರ್ ಎಂದರೆ ನಗರ. ನಗರವೆಂಬ ಹೆಸರು ಮಾತ್ರ ಉಳಿದು, ನಗರವು ಹೊರಟುಹೋಗಿ, ಗ್ರಾಮವೊಂದು ಶಾಂತವಾಗಿ ಬಾಳುತ್ತಿರುವ ಸ್ಥಳವಿದು.

ಕಾವೇರಿ ನದಿಯು ಎರಡು ಕವಲಾಗಿ ಹರಿದು ಮತ್ತೆ ಕೂಡುವ ನಡುವೆ ಸುಮಾರು ಮೂರು ಮೈಲಿ ಉದ್ದದ ಶ್ರೀರಂಗಪಟ್ಟಣದ ದ್ವೀಪವಿದೆ. ಅದರ ಪಶ್ಚಿಮ ತುದಿಯಲ್ಲಿ ಕೋಟೆ ಮತ್ತು ಶ್ರೀರಂಗನಾಥನ ಗುಡಿ; ಪೂರ್ವದ ಕಡೆಗೆ ಹೈದರಾಲಿ, ಅವನ ಪತ್ನಿ ಹಾಗೂ ಟಿಪ್ಪು ಸುಲ್ತಾನರು ಚಿರನಿದ್ರೆಯಲ್ಲಿರುವ ಗುಂಬಜ್. ಇವೆರಡರ ನಡುವೆ ನದಿಯ ದಡದಲ್ಲಿ 1784ರ ದರಿಯಾ ದೌಲತ್ ಅರಮನೆ. ಈ ಹೆಸರಾಂತ ಸ್ಮಾರಕಗಳ ಮಧ್ಯದಲ್ಲಿ, ತಾನೂ ಒಂದು ಸ್ಮಾರಕವೆಂದು ಹೇಳಿಕೊಳ್ಳದೆ, ಗಂಜಾಂ ಇದೆ. ನದಿಯ ದಂಡೆಯಲ್ಲಿ ನಿಮಿಷಾಂಬೆಯ ಗುಡಿ, ಸುತ್ತಲೂ ಕಬ್ಬು ಮತ್ತು ಬತ್ತದ ಗದ್ದೆಗಳು, ಒಂದು ಕಾಲದಲ್ಲಿ ಹೆಸರುವಾಸಿಯಾಗಿದ್ದ ಗಂಜಾಂ ಅಂಜೂರದ ನೆನಪು, ಮತ್ತು ಒಂದು ಹಳೆಯ ಕ್ರೈಸ್ತ ದೇವಾಲಯ. ಬೆಂಗಳೂರಿನಿಂದ ಮೈಸೂರಿಗೆ ಅವಸರದಿಂದ ಸಾಗುವ ಯಾತ್ರಿಕರಲ್ಲಿ ಅನೇಕರು ಕೋಟೆಯನ್ನೂ ಗುಂಬಜನ್ನೂ ನೋಡುತ್ತಾರೆ; ದೇವಾಲಯವನ್ನು ನೋಡುವವರು ವಿರಳ.

ಬಲವಂತದಿಂದ ಹುಟ್ಟಿದ ಊರು

ಗಂಜಾಂ ತಾನಾಗಿ ಬೆಳೆದ ಊರಲ್ಲ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಶ್ರೀರಂಗಪಟ್ಟಣವು ದಕ್ಷಿಣ ಭಾರತದ ಪ್ರಬಲ ರಾಜಧಾನಿಗಳಲ್ಲಿ ಒಂದಾಗಿತ್ತು. ಕೋಟೆಯೊಳಗೆ ಸ್ಥಳ ಸಾಲದು. ಸೈನ್ಯಕ್ಕೂ ಅರಮನೆಗೂ ಬೇಕಾದ ನೇಕಾರರು, ಕಮ್ಮಾರರು, ವರ್ತಕರು ಇರಲು ಪೇಟೆಯೊಂದು ಬೇಕು. ತುಮಕೂರು ಸೀಮೆಯ ಸಿರಾ, ಮೊಗಲರ ಕಾಲದಲ್ಲಿ ಪ್ರಾಂತ್ಯವೊಂದರ ರಾಜಧಾನಿಯಾಗಿ ಮೆರೆದ ಪಟ್ಟಣ. ಅಲ್ಲಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಟಿಪ್ಪು ಎಬ್ಬಿಸಿ ತಂದು ಶಹರ್ ಗಂಜಾಂನಲ್ಲಿ ನೆಲೆಗೊಳಿಸಿದನೆಂದು ರೈಸ್ ಅವರ ಮೈಸೂರು ಗ್ಯಾಸೆಟಿಯರ್ ದಾಖಲಿಸಿದೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಬಹುದು. ಆದರೆ ಈ ಊರಿನ ಮೊದಲ ನಿವಾಸಿಗಳಲ್ಲಿ ಬಹುಮಂದಿ ತಾವು ಆರಿಸಿಕೊಂಡು ಬಂದವರಲ್ಲ, ಕರೆತರಲ್ಪಟ್ಟವರು ಎಂಬುದು ನಿರ್ವಿವಾದ.

ನಮ್ಮ ಜನರಿಗೂ ಇದೇ ಗತಿಯಾಯಿತು. ಕ್ರೈಸ್ತ ವಿಶ್ವಾಸವು ಶ್ರೀರಂಗಪಟ್ಟಣದ ಸೀಮೆಗೆ ಆಗ ಹೊಸದೇನೂ ಆಗಿರಲಿಲ್ಲ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿಯೇ, ಇಟಲಿಯ ಯೇಸುಸಭೆಯ ಗುರುಗಳಾದ ಲಿಯೊನಾರ್ಡೊ ಚಿನ್ನಾಮಿಯವರು ಇಲ್ಲಿಗೆ ಬಂದು ಕನ್ನಡವನ್ನು ಕಲಿತು, ಕನ್ನಡದಲ್ಲಿ ಧರ್ಮೋಪದೇಶವನ್ನು ಬರೆದಿದ್ದರು. ಸಮೀಪದ ಪಾಲಹಳ್ಳಿಯಲ್ಲಿ ಕ್ರೈಸ್ತ ಕುಟುಂಬಗಳು ನೆಲೆಸಿದ್ದವು. 1773ರಲ್ಲಿ ಯೇಸುಸಭೆಯು ವಿಸರ್ಜನೆಗೊಂಡಾಗ ಈ ಮಂದೆಯು ಕುರುಬನಿಲ್ಲದ ಸ್ಥಿತಿಗೆ ಬಂದಿತು. ಅನಂತರ, 1784ರ ಫೆಬ್ರವರಿ 24ರಂದು, ವಿಭೂತಿ ಬುಧವಾರದ ದಿನ, ಕರಾವಳಿಯ ಕೆನರಾ ಪ್ರಾಂತ್ಯದ ಕಥೋಲಿಕರನ್ನು ಸೆರೆಹಿಡಿಯಲಾಯಿತೆಂದು ಅವರ ಪರಂಪರೆ ನೆನಪಿಟ್ಟುಕೊಂಡಿದೆ. ಆಂಗ್ಲರಿಗೆ ಸಹಾಯ ಮಾಡಿದರೆಂಬ ಆಪಾದನೆಯ ಮೇಲೆ ಅವರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಸೆರೆಯಾದವರ ಸಂಖ್ಯೆ ಮೂವತ್ತು ಸಾವಿರವೆಂದೂ ಅರವತ್ತು ಸಾವಿರವೆಂದೂ ಬೇರೆಬೇರೆ ಲೆಕ್ಕಗಳಿವೆ. ದಾರಿಯಲ್ಲಿ ಸತ್ತವರೆಷ್ಟೋ. ಉಳಿದವರಲ್ಲಿ ಅನೇಕರು ಬಲವಂತದ ಮತಾಂತರಕ್ಕೆ ಒಳಗಾದರು. ಹದಿನೈದು ವರ್ಷಗಳ ಕಾಲ ಅವರಿಗೆ ಬಹಿರಂಗವಾದ ಬಲಿಪೂಜೆ ಇರಲಿಲ್ಲ, ಗುರುಗಳಿರಲಿಲ್ಲ, ತಮ್ಮ ಹೆಸರನ್ನು ಕರೆದುಕೊಳ್ಳುವ ಸ್ವಾತಂತ್ರ್ಯವೂ ಇರಲಿಲ್ಲ.

ಈ ಸಂಗತಿಯನ್ನು ನಾವು ಯಾರ ಮೇಲಿನ ದ್ವೇಷದಿಂದಲೂ ಬರೆಯುತ್ತಿಲ್ಲ. ಅದೇ ಸುಲ್ತಾನನ ಸೈನ್ಯದಲ್ಲಿ ಫ್ರೆಂಚ್ ಕಥೋಲಿಕರು ಸೇವೆಯಲ್ಲಿದ್ದರು. ಸಿರಾದಿಂದ ಎಬ್ಬಿಸಲ್ಪಟ್ಟವರು ಕ್ರೈಸ್ತರಾಗಿರಲಿಲ್ಲ. ಅವರ ಸಂಕಟವೂ ಸಂಕಟವೇ. ರಾಜ್ಯದ ಅಗತ್ಯಕ್ಕಾಗಿ ಸಾಮಾನ್ಯ ಪ್ರಜೆಗಳನ್ನು ಊರಿನಿಂದ ಊರಿಗೆ ಸಾಗಿಸುವುದು ಆ ಕಾಲದ ಕ್ರೂರ ಪದ್ಧತಿಯಾಗಿತ್ತು. ಗಂಜಾಂನ ನೆಲವು ಈ ಎಲ್ಲರ ಕಣ್ಣೀರನ್ನೂ ಸಮನಾಗಿ ಕುಡಿದಿದೆ.

ನಗರವು ಹೊರಟುಹೋದ ಬಗೆ

1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೇನೆಯು ದ್ವೀಪಕ್ಕೆ ನುಗ್ಗಿ ಅದರ ಪೂರ್ವಭಾಗವನ್ನು ವಶಪಡಿಸಿಕೊಂಡಿತು. ಮುತ್ತಿಗೆಯ ಕಾಮಗಾರಿಗಾಗಿ ಲಾಲ್‌ಬಾಗಿನ ಮರಗಳನ್ನು ಕಡಿಯಲಾಯಿತು. ಅಲ್ಲಿನ ಅರಮನೆಯು ಗಾಯಾಳುಗಳ ಆಸ್ಪತ್ರೆಯಾಯಿತು. ಏಳು ವರ್ಷಗಳ ಅನಂತರ, 1799ರ ಮೇ 4ರಂದು, ಕೋಟೆ ಬಿದ್ದಿತು, ಟಿಪ್ಪು ಮಡಿದನು. ರಾಜಧಾನಿಯು ಮೈಸೂರಿಗೆ ಸ್ಥಳಾಂತರಗೊಂಡಿತು.

ಮರುವರ್ಷ, 1800ರಲ್ಲಿ, ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನನು ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ ಸುಮಾರು 1,50,000 ಇದ್ದಿರಬೇಕೆಂದು ಅಂದಾಜು ಮಾಡಿದನು. ತಾನು ಬಂದಾಗ ಉಳಿದವರು ಅದರ ಒಂದು ಸಣ್ಣ ಪಾಲು ಮಾತ್ರ. ಆದರೂ ಗಂಜಾಂ ಆಗ ಮತ್ತೆ ತಲೆಯೆತ್ತುತ್ತಿತ್ತು. ಹೊಸ ಮನೆಗಳನ್ನು ಕಟ್ಟುವಾಗ ಬೀದಿಗಳನ್ನು ಅಗಲವಾಗಿಯೂ ನೇರವಾಗಿಯೂ ಇಡಲು ಎಚ್ಚರ ವಹಿಸಲಾಗಿತ್ತೆಂದು ಅವನ ಬರಹದಿಂದ ತಿಳಿದುಬರುತ್ತದೆ. ಈ ಚೇತರಿಕೆ ಬಹುಕಾಲ ನಿಲ್ಲಲಿಲ್ಲ. ದ್ವೀಪದ ಜ್ವರಕ್ಕೆ ಬೆದರಿದ ಬ್ರಿಟಿಷ್ ಸೇನೆಯು 1809ರ ವೇಳೆಗೆ ಬೆಂಗಳೂರಿನ ದಂಡು ಪ್ರದೇಶಕ್ಕೆ ಹೊರಟುಹೋಯಿತು. ಸೇನೆಯ ಹಿಂದೆ ವ್ಯಾಪಾರವೂ ಹೋಯಿತು. ಹೋಗಲಾರದವರು, ಹೋಗಲೊಲ್ಲದವರು ಉಳಿದರು. ಇಂದು ನಾವು ಗಂಜಾಂನಲ್ಲಿ ಕಾಣುವ ಶಾಂತಿಯು ಹೀಗೆ ಉಳಿದವರು ಕಾಪಾಡಿಕೊಂಡು ಬಂದ ಶಾಂತಿ.

'ದೊಡ್ಡ ಸ್ವಾಮಿಯವರು'

ಎಲ್ಲರೂ ಹೊರಟುಹೋಗುತ್ತಿದ್ದ ಈ ಊರಿಗೆ ಬಂದು ನೆಲೆಸಿದ ಒಬ್ಬರಿದ್ದರು. ಫ್ರಾನ್ಸ್ ದೇಶದ ಆರ್ದೆಶ್ ಸೀಮೆಯಲ್ಲಿ ಹುಟ್ಟಿ, 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟ ಅಬ್ಬೆ ಜೀನ್ ಅಂತ್ವಾನ್ ದುಬಾಯ್. ಶ್ರೀರಂಗಪಟ್ಟಣದ ಪತನಾನಂತರ ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲು ಅವರನ್ನು ಇಲ್ಲಿಗೆ ಕರೆಸಲಾಯಿತು. 1800ರಲ್ಲಿ ಗಂಜಾಂನಲ್ಲಿ ಅವರು ಕಟ್ಟಿಸಿದ ದೇವಾಲಯವೇ ಇಂದಿಗೂ ಅವರ ಹೆಸರಿನಿಂದ ಪ್ರಸಿದ್ಧವಾಗಿರುವುದು. ಆಡಂಬರವಿಲ್ಲದ ಕಟ್ಟಡ ಅದು; ಬಡವರಾದ ವಿಶ್ವಾಸಿಗಳಿಗೆ ತಕ್ಕ ಪ್ರಾರ್ಥನಾಮಂದಿರ.

ಆ ದೇವಾಲಯಕ್ಕೆ ಮೊದಲು ಬಂದವರು ಯಾರು? ಹದಿನೈದು ವರ್ಷ ವಿಶ್ವಾಸವನ್ನು ಎದೆಯೊಳಗೆ ಬಚ್ಚಿಟ್ಟುಕೊಂಡು ಬದುಕಿದವರೂ ಅವರಲ್ಲಿದ್ದರು. ಸುಲ್ತಾನನ ಮರಣಾನಂತರ ಹಿಂದಿರುಗಿ ಬಂದವರಲ್ಲಿ ಸುಮಾರು ಎರಡು ಸಾವಿರ ಮಂದಿ ತಮ್ಮ ಬಳಿಗೆ ಬಂದರೆಂದೂ, ಸುಮಾರು ಇಪ್ಪತ್ತು ಸಾವಿರ ಮಂದಿ ಮಂಗಳೂರು ಸೀಮೆಗೆ ಮರಳಿ ಅಲ್ಲಿನ ದೇವಾಲಯಗಳನ್ನು ಪುನಃ ಕಟ್ಟಿದರೆಂದೂ ದುಬಾಯ್ ಅವರೇ ಬರೆದಿದ್ದಾರೆ. ತಮ್ಮ ತ್ಯಾಗವು ಹೊರಗಿನದು ಮಾತ್ರ, ಹೃದಯದಲ್ಲಿ ಕ್ರಿಸ್ತನನ್ನು ಬಿಟ್ಟಿರಲಿಲ್ಲ ಎಂಬುದು ಬಂದವರ ನಿವೇದನೆಯಾಗಿತ್ತು.

ಇಲ್ಲಿ ಒಂದು ಕಠಿಣ ಪ್ರಶ್ನೆಯನ್ನು ಎದುರಿಸಲೇಬೇಕು. ಅಷ್ಟು ಸಾವಿರ ಮಂದಿಯಲ್ಲಿ ಒಬ್ಬರಾದರೂ ವಿಶ್ವಾಸವನ್ನು ಬಹಿರಂಗವಾಗಿ ಸಾರಿ ಹುತಾತ್ಮರಾಗುವ ಧೈರ್ಯ ತೋರಲಿಲ್ಲವೆಂದು ದುಬಾಯ್ ಅವರು ಮುಂದೆ ತಮ್ಮ ಪತ್ರಗಳಲ್ಲಿ ಕಟುವಾಗಿ ಆಕ್ಷೇಪಿಸಿದರು. ಈ ತೀರ್ಪನ್ನು ನಾವು ಒಪ್ಪಲಾರೆವು. ಸೆರೆಯ ದಾರಿಯಲ್ಲಿಯೂ ಸೆರೆಮನೆಯಲ್ಲಿಯೂ ಸತ್ತವರ ಮನಸ್ಸನ್ನು ಬಲ್ಲವನು ದೇವರೊಬ್ಬನೇ. ಮಕ್ಕಳನ್ನು ಬದುಕಿಸಿಕೊಳ್ಳಲು ಮೌನವಾಗಿದ್ದು, ಬಾಗಿಲು ತೆರೆದ ದಿನವೇ ಶಿಲುಬೆಯ ಬಳಿಗೆ ಓಡಿಬಂದ ತಾಯಿಯ ವಿಶ್ವಾಸವನ್ನು ಅಲ್ಪವೆನ್ನಲು ಸಾಧ್ಯವೇ? ಮೂರು ಸಲ ಅಲ್ಲಗಳೆದ ಪೇತ್ರನನ್ನೇ ಪ್ರಭು ಯೇಸು ತನ್ನ ಮಂದೆಯನ್ನು ಮೇಯಿಸಲು ನೇಮಿಸಲಿಲ್ಲವೇ? ದುಬಾಯ್ ಅವರ ಲೇಖನಿ ಕಠೋರವಾಗಿ ಬರೆಯಿತು. ಅವರ ಕೈಗಳು ಮಾತ್ರ ಬಂದವರನ್ನು ಆಶೀರ್ವದಿಸಿ ಒಳಗೆ ಕರೆದುಕೊಂಡವು. ನಮಗೆ ಅನುಕರಣೀಯವಾದುದು ಆ ಕೈಗಳ ಕಾರ್ಯ.

ಅವರು ದೇಶೀಯ ಉಡುಪನ್ನು ಧರಿಸಿ, ಇಲ್ಲಿನ ಜನರ ಆಹಾರ ಆಚಾರಗಳನ್ನು ಅನುಸರಿಸಿ ಬಾಳಿದರು. ಜಾತಿಮತಗಳ ಭೇದವಿಲ್ಲದೆ ಜನರು ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಈ ವಿಶ್ವಾಸದ ಫಲ ಸಿಡುಬಿನ ವಿರುದ್ಧದ ಹೋರಾಟದಲ್ಲಿ ಕಾಣಿಸಿತು. ಜೆನ್ನರನ ಲಸಿಕೆಯು ಭಾರತಕ್ಕೆ ಬಂದದ್ದು 1802ರಲ್ಲಿ. ಆಕಳ ಸಿಡುಬನ್ನು ಮೈಗೆ ಹಾಕಿಸಿಕೊಳ್ಳಲು ಜನರು ಅಂಜುತ್ತಿದ್ದ ಆ ದಿನಗಳಲ್ಲಿ, 1803–04ರಲ್ಲಿ, ದುಬಾಯ್ ಅವರ ಮೇಲ್ವಿಚಾರಣೆಯಲ್ಲಿ ಮೈಸೂರು ಸೀಮೆಯಲ್ಲಿ 25,432 ಮಂದಿಗೆ ಲಸಿಕೆ ಹಾಕಿ ಹೆಸರು ದಾಖಲಿಸಲಾಯಿತು. ಸರಕಾರದ ಆಜ್ಞೆಗೆ ತೆರೆಯದ ಮನೆಗಳ ಬಾಗಿಲು ಪರಿಚಿತನಾದ ಗುರುವಿನ ಮಾತಿಗೆ ತೆರೆಯಿತು. ಹಾಸನದ ಬಳಿ ನಿರ್ಗತಿಕ ಕ್ರೈಸ್ತರಿಗಾಗಿ ಅವರು ಬೇಸಾಯದ ನೆಲೆಯನ್ನೂ ಏರ್ಪಡಿಸಿದರು.

ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಗ್ರಂಥವು ಜಗತ್ಪ್ರಸಿದ್ಧವಾಯಿತು. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು ಎರಡು ಸಾವಿರ ವರಹಗಳಿಗೆ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಸತ್ಯವನ್ನು ಮರೆಮಾಡುವುದು ಚರಿತ್ರಕಾರನ ಧರ್ಮವಲ್ಲವಾದುದರಿಂದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಆ ಗ್ರಂಥದ ಬಹುಭಾಗವು ಯೇಸುಸಭೆಯ ಗುರುಗಳಾದ ಕೂರ್ದು ಅವರ ಹಿಂದಿನ ಹಸ್ತಪ್ರತಿಯೊಂದನ್ನು ಆಧರಿಸಿದೆಯೆಂದು ಫ್ರಾನ್ಸಿನ ವಿದುಷಿ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ಗ್ರಂಥಕರ್ತರೆಂಬ ಕೀರ್ತಿಯಲ್ಲಿ ಇದರಿಂದ ಕೊರತೆಯಾಗಬಹುದು; ಲಸಿಕೆ ಪಡೆದು ಬದುಕುಳಿದ ಮಕ್ಕಳ ಲೆಕ್ಕದಲ್ಲಿ ಕೊರತೆಯಾಗದು. 1823ರಲ್ಲಿ ದುಬಾಯ್ ಅವರು ಸ್ವದೇಶಕ್ಕೆ ಮರಳಿದರು. 1848ರಲ್ಲಿ ಪ್ಯಾರಿಸಿನಲ್ಲಿ ದೈವಾಧೀನರಾದರು. ಅವರು ಹೋದ ಮೇಲೂ ಗಂಜಾಂನ ದೇವಾಲಯ ನಿಂತಿತು.

ಸ್ಮಾರಕಗಳ ನಡುವಿನ ಬಾಳು

ಐತಿಹಾಸಿಕ ಸ್ಥಳದಲ್ಲಿ ವಾಸಿಸುವುದು ಹೆಮ್ಮೆಯ ಸಂಗತಿ. ಅಷ್ಟೇ ಕಷ್ಟದ ಸಂಗತಿಯೂ ಹೌದು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದಿಂದ ನೂರು ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆ ಇನ್ನೂ ಇನ್ನೂರು ಮೀಟರ್‌ವರೆಗೆ ಅನುಮತಿ ಬೇಕು. ದರಿಯಾ ದೌಲತ್ ಮತ್ತು ಗುಂಬಜಿನ ಆಸುಪಾಸಿನಲ್ಲಿ ಮನೆ ಕಟ್ಟಬಯಸುವವರಿಗೆ ಇದು ದಿನನಿತ್ಯದ ಬದುಕಿನ ಮಾತು. 2014ರಲ್ಲಿ ಶ್ರೀರಂಗಪಟ್ಟಣದ ಸ್ಮಾರಕಗಳು ಯುನೆಸ್ಕೋ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. 2023ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯು ಪಟ್ಟಣವನ್ನು ಬಳಸಿಕೊಂಡು ಹೋಗುತ್ತದೆ. ಜಗತ್ತು ಒಂದು ಕಡೆಯಿಂದ ಈ ದ್ವೀಪವನ್ನು ಗುರುತಿಸುತ್ತಿದೆ, ಇನ್ನೊಂದು ಕಡೆಯಿಂದ ದಾಟಿಹೋಗುತ್ತಿದೆ.

ಕಾನೂನು ಕಲ್ಲುಗಳನ್ನು ರಕ್ಷಿಸಬಲ್ಲದು. ಆದರೆ ಸಿರಾದಿಂದ ಬಂದವರು ಯಾವ ಬೀದಿಯಲ್ಲಿ ಮಗ್ಗ ಹೂಡಿದರು, ಸೆರೆಯಿಂದ ಬಿಡುಗಡೆಯಾದವರಲ್ಲಿ ಯಾರು ಕರಾವಳಿಗೆ ಮರಳದೆ ಇಲ್ಲಿಯೇ ಉಳಿದರು, ಮೊದಲ ಜ್ಞಾನಸ್ನಾನ ಯಾವ ಮಗುವಿನದು ಎಂಬುದನ್ನು ಕಾನೂನು ರಕ್ಷಿಸಲಾರದು. ಅದು ಊರಿನವರ ನೆನಪಿನ ಕೆಲಸ, ಧರ್ಮಕೇಂದ್ರದ ದಾಖಲೆ ಪುಸ್ತಕಗಳ ಕೆಲಸ. ಇಂತಹ ಊರುಗಳು ನಮ್ಮ ನಾಡಿನಲ್ಲಿ ಅನೇಕ. ನಿಜಾಮರ ಆಳ್ವಿಕೆಯಲ್ಲಿ ತಾಲ್ಲೂಕೊಂದಕ್ಕೆ ತನ್ನ ಹೆಸರನ್ನೇ ಕೊಟ್ಟಿದ್ದ ಅಂದೋಲಾ ಇಂದು ಜೇವರ್ಗಿ ತಾಲ್ಲೂಕಿನ ಒಂದು ಗ್ರಾಮ. ಅಧಿಕಾರವು ಬರುತ್ತದೆ, ಹೋಗುತ್ತದೆ, ಊರು ಉಳಿಯುತ್ತದೆ.

ನಮ್ಮ ಶತಮಾನೋತ್ಸವದ ಸಂಭ್ರಮದಲ್ಲಿ ಗಂಜಾಂ ನಮಗೆ ಕಲಿಸುವ ಪಾಠವಿದು. ಧರ್ಮಸಭೆಯು ರಾಜಧಾನಿಯ ವೈಭವವನ್ನು ಆಶ್ರಯಿಸಿ ಬದುಕಲಿಲ್ಲ. ರಾಜಧಾನಿ ಹೊರಟುಹೋದ ಮೇಲೆ ಉಳಿದವರ ನಡುವೆ ಗುಡಿ ಕಟ್ಟಿ ಬದುಕಿತು. ಸಂಖ್ಯೆಯಲ್ಲಿ ಕಿರಿದಾದುದು ಸಾಕ್ಷಿಯಲ್ಲಿ ಕಿರಿದಾಗಬೇಕಿಲ್ಲ. ಆದುದರಿಂದ ನಮ್ಮ ಧರ್ಮಕೇಂದ್ರದ ಹಳೆಯ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆಗಳನ್ನು ಗೆದ್ದಲು ತಿನ್ನದಂತೆ ಕಾಪಾಡೋಣ. ಸಮಾಧಿಗಳ ಮೇಲಿನ ಅಕ್ಷರಗಳು ಅಳಿಯುವ ಮುನ್ನ ಬರೆದಿಟ್ಟುಕೊಳ್ಳೋಣ. ಹಿರಿಯರು ಬದುಕಿರುವಾಗಲೇ ಅವರ ಬಾಯಿಂದ ಹಿಂದಿನ ಸಂಗತಿಗಳನ್ನು ಕೇಳಿ ತಿಳಿಯೋಣ. ದಾರಿ ತಪ್ಪಿ ದೂರವಾದ ಸೋದರ ಸೋದರಿಯರು ಹಿಂದಿರುಗಿ ಬಂದಾಗ, ಲೆಕ್ಕ ಕೇಳುವ ಮೊದಲು ಬಾಗಿಲು ತೆರೆಯೋಣ. ಗಂಜಾಂನ ಆ ಪುಟ್ಟ ದೇವಾಲಯವು ಮೊದಲು ಮಾಡಿದ ಕೆಲಸವೇ ಅದು. ಆ ಕೃಪೆಯನ್ನು ದಯಾಮಯನಾದ ದೇವರು ನಮ್ಮ ದೇವಾಲಯಕ್ಕೂ ಮುಂದಿನ ನೂರು ವರ್ಷಗಳ ಕಾಲ ಅನುಗ್ರಹಿಸಲಿ.